ಗೆಳೆಯನನ್ನೇ ಮದುವೆಯಾದರೆ ಗಂಡನ ಮೇಲಿನ ದೂರನ್ನು ಯಾರ ಹತ್ತಿರ ಹೇಳುವುದು?

ನಾಲ್ಕನೇ ಸೀಟು ಕೇಳಿದ್ದಾರೆ:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ತಮಾಷೆಯದ್ದು ಅನ್ನಿಸಬಹುದು. ಆದರೆ ಮೂರು ವಾರದಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ.

ನನಗೆ ಮೂವತ್ತೈದು. ಡೊಂಬಿವಲಿ ಪೂರ್ವದಲ್ಲಿ ಅಪ್ಪ ಅಮ್ಮನ ಜೊತೆ ಇದ್ದೇನೆ. ಕೆಲಸ ಫೋರ್ಟಿನ ಒಂದು ಆಫೀಸಿನಲ್ಲಿ, ಅಕೌಂಟ್ಸ್. ನಾವು ಕುಂದಾಪುರ ಕಡೆಯ ಬಂಟರು. ಅಪ್ಪ ಹನ್ನೆರಡನೇ ವಯಸ್ಸಿಗೆ ಮುಂಬಯಿಗೆ ಬಂದವರು. ಹಗಲು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು, ರಾತ್ರಿ ಶಾಲೆಯಲ್ಲಿ ಹತ್ತನೇ ಕ್ಲಾಸು ಮುಗಿಸಿ, ಆಮೇಲೆ ಸ್ವಂತ ಕ್ಯಾಂಟೀನ್ ನಡೆಸಿದರು. ಮನೆಯಲ್ಲಿ ವಾರಕ್ಕೆ ಐದು ದಿನ ಮೀನು. ಈ ಮೀನಿನ ವಿಷಯ ಮುಂದೆ ಬರುತ್ತದೆ, ಅದಕ್ಕೇ ಹೇಳಿದೆ.

ಅವನನ್ನು ಇಲ್ಲಿ ಗದಗ ಎಂದು ಕರೆಯುತ್ತೇನೆ. ಗುಟ್ಟಿಗಾಗಿ ಇಟ್ಟ ಹೆಸರಲ್ಲ. ಐದನೇ ಕ್ಲಾಸಿನಿಂದ ನಾನು ಅವನನ್ನು ಕರೆಯುವುದೇ ಹಾಗೆ. ಅವನ ಅಪ್ಪ ರೈಲ್ವೆಯವರು, ಕಲ್ಯಾಣದ ರೈಲ್ವೆ ಕ್ವಾರ್ಟರ್ಸಿನಲ್ಲಿ ಇದ್ದರು. ನಮ್ಮದು ಕನ್ನಡ ಮಾಧ್ಯಮ ಶಾಲೆ. ಹತ್ತನೇ ಕ್ಲಾಸಿಗೆ ಬರುವಾಗ ಉಳಿದವರು ಹತ್ತೊಂಬತ್ತು ಮಕ್ಕಳು. ಅವನು ನನ್ನನ್ನು ಮೀನಾ ಎನ್ನುತ್ತಾನೆ. ನನ್ನ ಹೆಸರು ಮೀನಾ ಅಲ್ಲ. ನನ್ನ ಡಬ್ಬಿ ತೆರೆದಾಗ ಬರುತ್ತಿದ್ದ ಒಣಮೀನು ಚಟ್ನಿಯ ವಾಸನೆಗೆ ಅವನು ಕೊಟ್ಟ ಹೆಸರು ಅದು. ಅವರು ಲಿಂಗಾಯತರು, ಮನೆಯೊಳಗೆ ಮೊಟ್ಟೆಯೂ ಬರುವುದಿಲ್ಲ.

ಮುಂಬಯಿಯ ಪ್ರತಿಯೊಬ್ಬರ ಹತ್ತಿರವೂ ೨೦೦೫ರ ಜುಲೈ ೨೬ರ ಒಂದು ಕಥೆ ಇರುತ್ತದೆ. ನಮ್ಮದು ಚಿಕ್ಕದು. ಆವತ್ತು ಸಾಂತಾಕ್ರೂಜಿನಲ್ಲಿ ಒಂದೇ ದಿನ ೯೪೪ ಮಿಲಿಮೀಟರ್ ಮಳೆ. ಲೋಕಲ್ ರೈಲುಗಳು ನಿಂತವು. ಕಲ್ಯಾಣಕ್ಕೆ ಹೋಗಲಾರದೆ ಗದಗ ನಮ್ಮ ಚಾಳಿನ ಮನೆಯಲ್ಲಿ ಎರಡು ರಾತ್ರಿ ಉಳಿದ. ಅಮ್ಮ ಅವನಿಗಾಗಿ ಪಾತ್ರೆಯನ್ನು ಬೂದಿ ಹಾಕಿ ಮೂರು ಸಲ ತಿಕ್ಕಿ ಗಂಜಿ ಮಾಡಿದರು. ಗಂಜಿ, ಮಾವಿನ ಮಿಡಿ ಉಪ್ಪಿನಕಾಯಿ, ಎರಡು ದಿನ ಅಷ್ಟೇ. ಅದಕ್ಕೆ ಮೊದಲು ನಾವು ಬರೀ ಒಂದೇ ಕ್ಲಾಸಿನವರು. ಆಮೇಲೆ ಗೆಳೆಯರು.

ಅವನು ಈಗ ಕುರ್ಲಾದ ಒಂದು ಲಿಫ್ಟ್ ಕಂಪನಿಯಲ್ಲಿ ಸರ್ವಿಸ್ ಇಂಜಿನಿಯರ್. ಯಾವ ಬಿಲ್ಡಿಂಗಿಗೆ ಹೋದರೂ ಲಿಫ್ಟಿನೊಳಗೆ ಮಾತು ನಿಲ್ಲಿಸಿ ಕಿವಿ ಕೊಡುತ್ತಾನೆ. 'ಗೈಡ್ ಶೂ ಸವದೈತಿ' ಅನ್ನುತ್ತಾನೆ. ಅವನ ಜೊತೆ ಮಾಲಿಗೆ ಹೋಗುವುದು ಒಂದು ಶಿಕ್ಷೆ.

ನಿಮಗೆ ಗೊತ್ತಿರುವ ಹಾಗೆ ಡೊಂಬಿವಲಿಯಲ್ಲಿ ಬೆಳಿಗ್ಗೆ ಸೀಟು ಸಿಗುವುದಿಲ್ಲ, ಹತ್ತುವುದಕ್ಕೇ ಪುಣ್ಯ ಬೇಕು. ಹಾಗಾಗಿ ನಾನು ಹಿಂದಕ್ಕೆ ಕಲ್ಯಾಣಕ್ಕೆ ಹೋಗಿ ಅಲ್ಲಿಂದ ಹೊರಡುವ ಗಾಡಿ ಹತ್ತುತ್ತೇನೆ. ಕಲ್ಯಾಣದ ಪ್ಲಾಟ್‌ಫಾರ್ಮಿನಲ್ಲಿ ಗದಗನ ಜೊತೆ ಐದು ನಿಮಿಷ ಕಟಿಂಗ್ ಚಹಾ. ಆಮೇಲೆ ನಾನು ಲೇಡೀಸ್ ಡಬ್ಬಿ, ಅವನು ಜನರಲ್. ಮುಂದೆ ಅವನ ಅಪ್ಪ ರಿಟೈರ್ ಆಗಿ ಕ್ವಾರ್ಟರ್ಸ್ ಬಿಟ್ಟು ಬದಲಾಪುರಕ್ಕೆ ಹೋದರು. ಚಹಾ ಮಾತ್ರ ನಿಲ್ಲಲಿಲ್ಲ, ಈಗಲೂ ಕಲ್ಯಾಣದಲ್ಲೇ.

ನನಗೆ ಒಂದು ಮದುವೆ ಆಗಿ ಮುಗಿದಿದೆ. ೨೦೧೬ರಲ್ಲಿ ಆಯಿತು, ಪುಣೆಗೆ ಹೋದೆ, ಚಿಂಚವಾಡದಲ್ಲಿ ಮನೆ. ಯಾಕೆ ಮುಗಿಯಿತು ಎಂದು ಇಲ್ಲಿ ಬರೆಯುವುದಿಲ್ಲ. ಹೊಡೆತ ಬಡಿತ ಇರಲಿಲ್ಲ. ಮಾತೂ ಇರಲಿಲ್ಲ. ನಮ್ಮ ಏರಿಯಾದಲ್ಲಿ ಗುರುವಾರ ರಿಪೇರಿಗೆಂದು ಕರೆಂಟ್ ತೆಗೆಯುತ್ತಿದ್ದರು. ಆ ಹೊತ್ತಿನಲ್ಲಿ ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುವ ನೆಪದಲ್ಲಿ ಗದಗನಿಗೆ ಫೋನ್ ಮಾಡುತ್ತಿದ್ದೆ. ಎರಡು ವರ್ಷ. ಅವರು ಹೀಗೆ ಮಾಡಿದರು, ಹೀಗೆ ಮಾಡಲಿಲ್ಲ, ಅವರಮ್ಮ ಹೀಗಂದರು. ಗದಗ ಹೇಳುತ್ತಿದ್ದದ್ದು ಎರಡೇ ಶಬ್ದ. 'ಹೂಂ. ಮುಂದ?' ಬಿಟ್ಟು ಬಾ ಎಂದು ಒಂದು ದಿನವೂ ಹೇಳಲಿಲ್ಲ. ಹೊಂದಿಕೊಂಡು ಹೋಗು ಎಂದೂ ಹೇಳಲಿಲ್ಲ. ೨೦೧೮ರಲ್ಲಿ ಒಂದು ಗುರುವಾರ ನಾನು ಎಲ್ಲ ಹೇಳಿ ಸುಮ್ಮನಾದಾಗ ಅವನೂ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, 'ಡೆಕ್ಕನ್ ಕ್ವೀನ್ ಮುಂಜಾನೆ ಏಳೂಕಾಲಿಗೆ ಐತಿ' ಅಂದ.

ಅದು ಪುಣೆಯಿಂದ ಮುಂಬಯಿಗೆ ಬರುವ ರೈಲು. ಮರುದಿನ ಒಂದು ಸೂಟ್‌ಕೇಸ್ ಹಿಡಿದು ಶಿವಾಜಿನಗರದಲ್ಲಿ ಹತ್ತಿದೆ. ದಾದರಿನಲ್ಲಿ ಅವನು ನಿಂತಿದ್ದ, ಕಂಪನಿಯ ಯೂನಿಫಾರ್ಮಿನಲ್ಲೇ. ಮನೆ ಮುಟ್ಟಿದಾಗ ಅಮ್ಮ ಒಂದೂ ಪ್ರಶ್ನೆ ಕೇಳಲಿಲ್ಲ, ಕೈಕಾಲು ತೊಳೆದು ಬಾ ಎಂದು ಊಟಕ್ಕೆ ಬಡಿಸಿದರು. ನೆಂಟರ ಮನೆಯಲ್ಲಿ ಚಮಚ ಬಿದ್ದರೂ ಯಾಕೆ ಬಿತ್ತು ಎಂದು ಕೇಳುವ ಹೆಂಗಸು ನಮ್ಮಮ್ಮ. ಆವತ್ತು ಹೇಗೆ ಸುಮ್ಮನಿದ್ದರು ಎಂದು ನನಗೆ ಈಗಲೂ ಆಶ್ಚರ್ಯ. ೨೦೧೯ರಲ್ಲಿ ಇಬ್ಬರ ಒಪ್ಪಿಗೆಯಿಂದಲೇ ಕೋರ್ಟಿನಲ್ಲಿ ಮುಗಿಯಿತು.

ಲಾಕ್‌ಡೌನಿನಲ್ಲಿ ಲೋಕಲ್ ಬಂದ್. ೨೦೨೦ರ ಅಕ್ಟೋಬರ್ ೨೧ರಿಂದ ಹೆಂಗಸರಿಗೆ ಮಾತ್ರ ಬಿಟ್ಟರು, ಅದೂ ಹನ್ನೊಂದರಿಂದ ಮೂರರ ತನಕ ಮತ್ತು ರಾತ್ರಿ ಏಳರ ಮೇಲೆ. ಆ ವಾರವೇ ಅಮ್ಮ ಪತ್ರೊಡೆ ಮಾಡಿದರು, ನಾನು ಡಬ್ಬಿ ಹಿಡಿದು ಬದಲಾಪುರಕ್ಕೆ ಹೋದೆ. ಅವನ ಅಮ್ಮನಿಗೆ ಅಸ್ತಮಾ, ಹಾಗಾಗಿ ಗೇಟಿನ ಈಚೆ ನಾನು, ಆಚೆ ಅವನು. ಇಪ್ಪತ್ತು ನಿಮಿಷ. ಡಬ್ಬಿ ತೊಳೆದು ವಾಪಸ್ ಕೊಟ್ಟ. ಖಾಲಿ ಕೊಡಬಾರದೆಂದು ಶೇಂಗಾ ಚಟ್ನಿ ತುಂಬಿಸಿದ್ದ. ಆಗ ನನಗೆ ಏನೂ ಅನ್ನಿಸಲಿಲ್ಲ, ಸತ್ಯವಾಗಿ. ರೈಲಿನಲ್ಲಿ ಕೂತು ಚಟ್ನಿಯನ್ನು ಬೆರಳಲ್ಲಿ ತಿಂದೆ, ಅಷ್ಟೇ.

ಈಗ ವಿಷಯಕ್ಕೆ ಬರುತ್ತೇನೆ. ತಿಂಗಳಿಗೊಂದು ಭಾನುವಾರ ನಾವಿಬ್ಬರೂ ಮಾಟುಂಗಾಕ್ಕೆ ಹೋಗುತ್ತೇವೆ. ಸ್ಟೇಷನ್ ಹತ್ತಿರದ ಮಾರ್ಕೆಟಿನಲ್ಲಿ ಕೆಸುವಿನ ಎಲೆ, ಬಾಳೆ ಎಲೆ, ಹಲಸಿನ ಹಪ್ಪಳ, ಮಂಗಳೂರು ಸೌತೆಕಾಯಿ. ಆಮೇಲೆ ೧೯೪೨ರಿಂದ ನಡೆಯುತ್ತಿರುವ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಸರದಿ ಕಾದು ಎಲೆ ಊಟ. ಸೌತೆಕಾಯಿ ದೊಡ್ಡದು, ಒಂದು ಮನೆಗೆ ಜಾಸ್ತಿ. ಮಾರುವವನ ಹತ್ತಿರವೇ ಅರ್ಧ ಮಾಡಿಸಿ ಹಂಚಿಕೊಳ್ಳುವುದು ನಮ್ಮ ರೂಢಿ. ಅವನಮ್ಮನೂ ಈಗ ಅದರ ಹುಳಿ ಕಲಿತಿದ್ದಾರೆ.

ಆವತ್ತು ಮಾರುವವನು ಚಾಕು ಎತ್ತಿದ. ಗದಗ ಅವನ ಕೈ ತಡೆದು ನನ್ನ ಕಡೆ ನೋಡದೆ ಹೇಳಿದ: 'ಪ್ರತಿ ಸಲ ಇದನ್ನ ಅರ್ಧಾ ಮಾಡೂದು ಸಾಕಾಗೈತಿ ನನಗ.'

ನಾನು, 'ಹಾಗಾದ್ರೆ ಪೂರ್ತಿ ನೀನೇ ತಕೋ ಮಾರಾಯ' ಅಂದೆ.

ಅವನು ಏನೂ ಹೇಳಲಿಲ್ಲ. ಊಟದಲ್ಲೂ ಹೇಳಲಿಲ್ಲ. ಭಾನುವಾರ ಅಲ್ವಾ, ಹಳಿ ರಿಪೇರಿಯ ಮೆಗಾಬ್ಲಾಕ್. ಗಾಡಿ ಕಳವಾ ದಾಟಿ ಮುಂಬ್ರಾದ ಗುಡ್ಡದ ಹತ್ತಿರ ನಿಂತುಬಿಟ್ಟಿತು. ನಾನು ಕಿಟಕಿ, ಅವನು ಪಕ್ಕ, ಅವನ ತೊಡೆಯ ಮೇಲೆ ಸೌತೆಕಾಯಿ, ಮಗುವಿನ ಹಾಗೆ. 'ನಾ ಸೌತಿಕಾಯಿ ಬಗ್ಗೆ ಹೇಳಿದ್ದಿಲ್ಲ' ಅಂದ. 'ಎರಡು ಮನಿ ಯಾಕ ಬೇಕು ಅಂತ ಕೇಳಿದ್ದೆ.'

ಗಾಡಿ ಹೊರಟಿತು. ದಿವಾ ಬಂತು. ನನ್ನ ಬಾಯಿಂದ ಮಾತು ಬರಲಿಲ್ಲ. ಡೊಂಬಿವಲಿಯಲ್ಲಿ ಇಳಿಯುವಾಗ ಸೌತೆಕಾಯಿ ನನ್ನ ಕೈಗೆ ಕೊಟ್ಟು, 'ಅವಸರ ಇಲ್ಲ. ಇಪ್ಪತ್ತು ವರ್ಷ ಆಗೈತಿ' ಅಂದ.

ಇಂಥದ್ದು ಏನಾದರೂ ಆದರೆ ನಾನು ಮೊದಲು ಫೋನ್ ಮಾಡುವುದು ಗದಗನಿಗೆ. ಈ ಸಲ ಮಾಡುವ ಹಾಗಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಇಷ್ಟವಿಲ್ಲವೇ ಎಂದು ಕೇಳಬೇಡಿ. ಇಪ್ಪತ್ತು ವರ್ಷ ಲೋಕಲ್‌ನ ಗರ್ದಿಯಲ್ಲಿ ಮೈಗೆ ಮೈ ತಾಗಿಸಿಕೊಂಡು ಬಂದವರು ನಾವು. ಒಂದು ದಿನವೂ ಗಮನಕ್ಕೆ ಬರಲಿಲ್ಲ. ಈಗ ಚಹಾದ ಗ್ಲಾಸು ಕೊಡುವಾಗ ಬೆರಳು ತಾಗಿದರೆ ಕುರ್ಲಾ ಬರುವ ತನಕ ಗೊತ್ತಾಗುತ್ತಿರುತ್ತದೆ. ಮೀನು, ಜಾತಿ, ಅವನಮ್ಮ, ನಮ್ಮಪ್ಪ, ಅದಕ್ಕೆಲ್ಲ ನಾನು ಹೆದರುವುದಿಲ್ಲ. ಹೆದರುವುದು ಒಂದಕ್ಕೇ. ಗಂಡ ಎಂದ ಮೇಲೆ ದೂರು ಇದ್ದೇ ಇರುತ್ತದೆ, ನನಗೆ ಅನುಭವವಿದೆ. ಆಗ ಕೇಳಿಸಿಕೊಳ್ಳಲು ಇದ್ದವನು ಅವನು. ಅವನೇ ಗಂಡನಾದರೆ ಗುರುವಾರ ನಾನು ಯಾರಿಗೆ ಫೋನ್ ಮಾಡಲಿ?

ಮುಲುಂಡ್ ಅಕ್ಕ ಉತ್ತರಿಸಿದ್ದಾರೆ:

ತಂಗೀ, ಎರಡು ಸಲ ಓದಿದೆ. ನಮ್ಮವರಿಗೂ ಓದಿ ಹೇಳಿದೆ. ಸೌತೆಕಾಯಿಯ ಜಾಗದಲ್ಲಿ ಅವರು ಪೇಪರ್ ಕೆಳಗಿಟ್ಟರು.

ನಾನೂ ಗೆಳೆಯನನ್ನೇ ಮದುವೆಯಾದವಳು. ೧೯೮೭ರಿಂದ ಒಂದೇ ನಾಟಕ ತಂಡದಲ್ಲಿದ್ದೆವು. ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನಲ್ಲಿ ನಮ್ಮ ನಾಟಕ ಆಗುತ್ತಿತ್ತು. ನಾನು ಪಾತ್ರ ಮಾಡುತ್ತಿದ್ದೆ, ಅವರು ಪಕ್ಕದ ಪರದೆಯ ಹಿಂದೆ ಕೂತು ಮಾತು ಹೇಳಿಕೊಡುವ ಪ್ರಾಂಪ್ಟರ್. ಆರು ವರ್ಷ ಗೆಳೆತನ, ಆಮೇಲೆ ಮದುವೆ. ಈಗಲೂ ನನಗೆ ಮಾತು ಸಿಗದಿದ್ದರೆ ಹಿಂದಿನಿಂದ ಹೇಳಿಕೊಡುತ್ತಾರೆ. ಜಗಳದಲ್ಲೂ. ನಾನು 'ನೀವೊಬ್ಬ... ನೀವೊಬ್ಬ...' ಎಂದು ತಡವರಿಸಿದರೆ, 'ಸೋಮಾರಿ' ಎಂದು ಅವರೇ ಹೇಳುತ್ತಾರೆ. ಇಂಥವರ ಮೇಲೆ ಎಷ್ಟು ಹೊತ್ತು ಸಿಟ್ಟು ಮಾಡುತ್ತೀರಿ?

ದೂರಿನ ವಿಷಯ ದೊಡ್ಡದಲ್ಲ. ಅದಕ್ಕೆ ಕಿವಿ ಸಿಗುತ್ತದೆ. ನನಗೆ ನಾದಿನಿ ಸಿಕ್ಕಳು. ತನ್ನ ಅಣ್ಣನ ಮೇಲೆ ಅವಳ ಹತ್ತಿರ ನನಗಿಂತ ಹಳೆಯ ದೂರುಗಳಿದ್ದವು.

ನಾನು ಕಳೆದುಕೊಂಡದ್ದು ಬೇರೆ. ಮದುವೆಯ ಮರುದಿನ ಅತ್ತೆಯ ಎದುರಿಗೆ ಅಭ್ಯಾಸಬಲದಿಂದ 'ಏಯ್, ಬಾರೋ ಇಲ್ಲಿ' ಅಂದುಬಿಟ್ಟೆ. ಮನೆಯಲ್ಲಿ ಗಾಳಿ ನಿಂತುಹೋಯಿತು. ಆವತ್ತಿನಿಂದ 'ನೀವು', 'ಬನ್ನಿ', 'ಏನೂಂದ್ರೆ'. ಹೆಸರಂತೂ ಇಲ್ಲವೇ ಇಲ್ಲ. ಭಾನುವಾರ ಇಬ್ಬರೇ ಹೊರಗೆ ಹೋದರೆ, ಗಾಡಿ ಭಾಂಡುಪ್ ದಾಟಿದ ಮೇಲೆ 'ನೀನು' ಶುರುವಾಗುತ್ತಿತ್ತು. ವಾಪಸ್ ಬರುವಾಗ ಭಾಂಡುಪಿನಲ್ಲೇ ನಿಲ್ಲುತ್ತಿತ್ತು. ಅತ್ತೆ ತೀರಿಕೊಂಡು ಎಷ್ಟೋ ವರ್ಷ ಆಯಿತು. 'ನೀವು' ಹಾಗೇ ಅಂಟಿಕೊಂಡಿದೆ. ಮೇಲೆ ಬರೆದದ್ದು ನೋಡಿ, ನಿಮಗೆ ಹೇಳುವಾಗಲೂ 'ಅವರು' ಎಂದೇ ಬಂತು.

ನೀವು ಅವನನ್ನು ಗದಗ ಅನ್ನುತ್ತೀರಿ, ಅವನು ಮೀನಾ ಅನ್ನುತ್ತಾನೆ. ಹೂಂ ಅನ್ನುವ ಮೊದಲು ಅದೊಂದನ್ನು ಗಟ್ಟಿ ಮಾಡಿಕೊಳ್ಳಿ. ಲಿಂಗಾಯತರ ಮನೆಯಲ್ಲಿ ಸೊಸೆಯನ್ನು ಮಗ ಮೀನಾ ಮೀನಾ ಎಂದು ಕೂಗುತ್ತಾ ತಿರುಗುವುದು ಹೇಗಿರುತ್ತದೋ, ನನಗಂತೂ ನಗು ತಡೆಯಲಾಗುತ್ತಿಲ್ಲ.

ಅಂಬರನಾಥ್ ಸ್ಲೋ ಉತ್ತರಿಸಿದ್ದಾರೆ:

ನಾನು ಹದಿನಾಲ್ಕು ವರ್ಷದಿಂದ ಈ ಲೈನಿನ ಪಾಸ್‌ಹೋಲ್ಡರ್. ಪ್ರೀತಿ ಗೀತಿ ನನಗೆ ಗೊತ್ತಿಲ್ಲ. ರೈಲು ಗೊತ್ತು.

ಅವನ ಮನೆ ಬದಲಾಪುರ. ಬದಲಾಪುರದಿಂದ ಸಿಎಸ್‌ಎಂಟಿಗೆ ನೇರ ಲೋಕಲ್ ಇದೆ, ಕಲ್ಯಾಣ, ಕುರ್ಲಾ ದಾಟಿ ಮುಂಬಯಿಯ ಕೊನೆಯ ಸ್ಟೇಷನ್ ತನಕ. ಅಲ್ಲಿಂದಲೇ ಹೊರಡುವ ಗಾಡಿಯಲ್ಲಿ ಸ್ವಲ್ಪ ಬೇಗ ಹೋದರೆ ಸೀಟೂ ಸಿಗುತ್ತದೆ. ಕುರ್ಲಾಕ್ಕೆ ಹೋಗುವವನು ಆ ಗಾಡಿಯಿಂದ ಕಲ್ಯಾಣದಲ್ಲಿ ಯಾಕೆ ಇಳಿಯುತ್ತಾನೆ?

ಸಿಕ್ಕಿದ ಸೀಟು ಬಿಟ್ಟು ಇಳಿದು, ಐದು ನಿಮಿಷ ಚಹಾ ಕುಡಿದು, ಮತ್ತೆ ಇನ್ನೊಂದು ಗಾಡಿಯ ಗರ್ದಿಯಲ್ಲಿ ನುಗ್ಗುವುದು. ವರ್ಷಗಟ್ಟಲೆ. ಮಳೆಗಾಲದಲ್ಲೂ. ನನ್ನ ಸ್ವಂತ ಹೆಂಡತಿಗಾಗಿ ನಾನು ಇದನ್ನು ಮಾಡುವುದಿಲ್ಲ. ಇದನ್ನು ಅವಳಿಗೆ ಯಾರೂ ಹೇಳಬೇಡಿ.

ಕಪ್ಪು ಕೋಟು ಉತ್ತರಿಸಿದ್ದಾರೆ:

ಠಾಣೆ ಜಿಲ್ಲೆಯಲ್ಲಿ ವಕೀಲಿ ಮಾಡುತ್ತೇನೆ. ಕೇಳಿದ ಪ್ರಶ್ನೆಗೆ ಉತ್ತರ ನನ್ನಲ್ಲಿಲ್ಲ, ಕೇಳದ ಪ್ರಶ್ನೆಗೆ ಇದೆ. ಜಾತಿ ಬೇರೆ ಎಂದು ಸ್ಪೆಷಲ್ ಮ್ಯಾರೇಜ್ ಆಕ್ಟೇ ಆಗಬೇಕು ಎಂದು ಬಹಳ ಜನ ತಿಳಿದಿದ್ದಾರೆ. ಹಾಗೇನಿಲ್ಲ. ೧೯೫೫ರ ಹಿಂದೂ ವಿವಾಹ ಕಾಯ್ದೆಯಲ್ಲಿ ಲಿಂಗಾಯತರ ಹೆಸರು ಹೇಳಿಯೇ ಸೇರಿಸಿದ್ದಾರೆ. ಶಾಸ್ತ್ರ ಮುಗಿಸಿ ರಿಜಿಸ್ಟರ್ ಮಾಡಿಸಿದರೆ ಸಾಕು. ಶಾಸ್ತ್ರವೇ ಬೇಡ, ರಿಜಿಸ್ಟ್ರಾರ್ ಎದುರಿಗೆ ಸಹಿ ಮಾತ್ರ ಸಾಕು ಎಂದಾದರೆ ೧೯೫೪ರ ಸ್ಪೆಷಲ್ ಮ್ಯಾರೇಜ್ ಆಕ್ಟ್. ಅದಕ್ಕೆ ಮೂವತ್ತು ದಿನದ ನೋಟಿಸು, ಮೂವರು ಸಾಕ್ಷಿಗಳು. ನೋಟಿಸನ್ನು ಕಚೇರಿಯ ಬೋರ್ಡಿಗೆ ಹಚ್ಚುತ್ತಾರೆ, ನೆಂಟರು ನೋಡುವ ಸಾಧ್ಯತೆ ಇರುತ್ತದೆ. ಯಾವುದಾದರೂ ಸರಿ, ೨೦೧೯ರ ವಿಚ್ಛೇದನದ ಡಿಕ್ರಿಯ ಸರ್ಟಿಫೈಡ್ ಕಾಪಿ ಹುಡುಕಿಟ್ಟುಕೊಳ್ಳಿ. ಕೊನೆ ಗಳಿಗೆಯಲ್ಲಿ ಎಲ್ಲರಿಗೂ ಕಳೆದುಹೋಗುವುದು ಅದೇ.

ನಾಲ್ಕನೇ ಸೀಟು ಬರೆದಿದ್ದಾರೆ:

ವಕೀಲರೇ, ನಾನು ಇನ್ನೂ ಹೂಂ ಅಂದಿಲ್ಲ! ಡಿಕ್ರಿ ಮಾತ್ರ ಹುಡುಕಿದೆ, ಕಬ್ಬಿಣದ ಪೆಟ್ಟಿಗೆಯಲ್ಲಿ ಅಪ್ಪನ ಹಳೆಯ ಕ್ಯಾಂಟೀನ್ ಲೈಸೆನ್ಸಿನ ಕೆಳಗೆ ಇತ್ತು.

ಅಂಬರನಾಥ್ ಅಣ್ಣ, ನೀವು ಬರೆದದ್ದನ್ನು ಓದಿ ಫೋನ್ ಕೆಳಗಿಟ್ಟು ಸುಮ್ಮನೆ ಕೂತೆ. ನನಗೆ ಹೊಳೆದಿರಲೇ ಇಲ್ಲ. ಯಾಕೆ ಹೊಳೆಯಲಿಲ್ಲ ಅಂದರೆ, ನಾನೂ ಸೀಟಿಗಾಗಿ ಕಲ್ಯಾಣಕ್ಕೆ ಹೋಗುತ್ತೇನೆ ಎಂದು ಎಲ್ಲರಿಗೂ ಹೇಳುತ್ತಿದ್ದೆ ಅಲ್ವಾ. ಇತ್ತೀಚೆಗೆ ಡೊಂಬಿವಲಿಯಿಂದಲೇ ಹೊರಡುವ ಗಾಡಿಗಳಿವೆ. ಅದರಲ್ಲಿ ಸೀಟು ಸಿಗುತ್ತದೆ.

ವಾಶಿಯವನು ಉತ್ತರಿಸಿದ್ದಾರೆ:

ನಾನು ನಿಮ್ಮ ಗದಗನ ಜಾಗದಲ್ಲಿ ಇದ್ದವನು. ಹನ್ನೊಂದು ವರ್ಷದ ಗೆಳತಿ. ೨೦೧೪ರಲ್ಲಿ ಕೇಳಿದೆ. ಯೋಚಿಸಿ ಹೇಳುತ್ತೇನೆ ಅಂದಳು. ನಾನೂ ದೊಡ್ಡ ಮನಸ್ಸಿನವನ ಹಾಗೆ, ಅವಸರವಿಲ್ಲ ಅಂದೆ. ಎಂಟು ತಿಂಗಳು ಹೋಯಿತು.

ಅವಳು ಇಲ್ಲ ಅಂದದ್ದಕ್ಕೆ ಬೇಸರವಾಗಲಿಲ್ಲ ಅಂದರೆ ಸುಳ್ಳು. ಆದರೆ ಆ ಇಲ್ಲ ಒಂದು ಸಂಜೆಯಲ್ಲಿ ಮುಗಿಯಿತು. ಎಂಟು ತಿಂಗಳು ಮುಗಿಯಲಿಲ್ಲ. ಮೊದಲೆಲ್ಲ ಅವಳ ಮೆಸೇಜು ಬಂದರೆ ಸುಮ್ನೆ ಓದುತ್ತಿದ್ದೆ. ಆಗ ಪ್ರತಿ ಮೆಸೇಜಿನಲ್ಲೂ ಉತ್ತರ ಹುಡುಕುತ್ತಿದ್ದೆ. 'ಊಟ ಆಯ್ತಾ' ಎಂಬುದರಲ್ಲೂ. ಅವಳ ಮದುವೆಗೆ ಹೋದೆ, ಊಟದ ಎಲೆ ಲೆಕ್ಕ ನಾನೇ ನೋಡಿಕೊಂಡೆ. ಈಗ ವರ್ಷಕ್ಕೊಮ್ಮೆ ಹುಟ್ಟುಹಬ್ಬದ ಶುಭಾಶಯ, ಒಂದು ಕೇಕಿನ ಚಿತ್ರ.

ಅವಸರವಿಲ್ಲ ಅನ್ನುವ ಗಂಡಸರನ್ನು ನಂಬಬೇಡಿ. ಹೂಂ ಅನ್ನಿ ಎಂದು ನಾನು ಹೇಳುತ್ತಿಲ್ಲ. ಏನಾದರೂ ಅನ್ನಿ.

ಇನ್ನೊಂದು ಕೇಳಬೇಕು. ನಿಮ್ಮ ದೂರನ್ನೆಲ್ಲ ಅವನು ಕೇಳಿದ, ಸರಿ. ನಿಮ್ಮ ಮೇಲೆ ಅವನಿಗೆ ದೂರು ಇರಲಿಲ್ಲವೇ? ಇಪ್ಪತ್ತು ವರ್ಷದಲ್ಲಿ ಒಂದೂ ಇಲ್ಲದೆ ಇರುತ್ತದೆಯೇ? ಅವನು ಅದನ್ನೆಲ್ಲ ಯಾರ ಹತ್ತಿರ ಹೇಳುತ್ತಿದ್ದ?

ನಾಲ್ಕನೇ ಸೀಟು ಬರೆದಿದ್ದಾರೆ:

ಹತ್ತು ದಿನದ ಮೇಲೆ ಬಂದಿದ್ದೇನೆ. ತಡವಾಯಿತು, ಕ್ಷಮಿಸಿ.

ವಾಶಿಯವರ ಪ್ರಶ್ನೆ ತಲೆಯೊಳಗೆ ಕೂತುಬಿಟ್ಟಿತು. ಗದಗನಿಗೆ ಬೇರೆ ಗೆಳೆಯರಿದ್ದಾರೆ, ಲಿಫ್ಟ್ ಕಂಪನಿಯವರು, ಆದರೆ ಅವರ ಜೊತೆ ಕ್ರಿಕೆಟ್ ಬಿಟ್ಟು ಬೇರೆ ಮಾತಿಲ್ಲ. ಅಕ್ಕ ತಂಗಿ ಇಲ್ಲ. ಶನಿವಾರ ರಾತ್ರಿ ಅಮ್ಮ ಬಂಗುಡೆ ಸವರುತ್ತಿದ್ದರು. ನಾನು ಬಾಗಿಲಿಗೆ ಒರಗಿ, ಸುಮ್ನೆ ಮಾತಿಗೆ ಎಂಬ ಹಾಗೆ, 'ಗದಗನಿಗೆ ನನ್ನ ಮೇಲೆ ಸಿಟ್ಟು ಬಂದರೆ ಯಾರಿಗೆ ಹೇಳ್ತಾನೋ ಏನೋ' ಅಂದೆ.

ಅಮ್ಮ ತಲೆ ಎತ್ತಲಿಲ್ಲ. 'ನಂಗಲ್ದಾ ಮತ್ತೆ' ಅಂದರು.

ನಾನು ಪುಣೆಯಲ್ಲಿದ್ದ ಎರಡು ವರ್ಷವೂ ಅವನು ಶನಿವಾರ ನಮ್ಮ ಮನೆಗೆ ಬರುತ್ತಿದ್ದನಂತೆ. ಮಿಕ್ಸಿ ರಿಪೇರಿ, ಗೀಸರ್ ರಿಪೇರಿ, ಅಪ್ಪನ ಮೊಬೈಲು. ಮೀನು ಕಾಯಿಸುವ ದಿನವಾದರೆ ಬಾಲ್ಕನಿಯಲ್ಲಿ ಕೂತು ಚಹಾ. ಮತ್ತೆ ದೂರು. ಅವಳು ಊಟ ಮಾಡಿದೆ ಎಂದು ಸುಳ್ಳು ಹೇಳುತ್ತಾಳೆ. ಅಳು ಬಂದರೆ ನೆಗಡಿ ಅನ್ನುತ್ತಾಳೆ. ಎಲ್ಲ ಹೇಳುತ್ತಾಳೆ, ವಾಪಸ್ ಬರುತ್ತೇನೆ ಎಂದು ಮಾತ್ರ ಹೇಳುವುದಿಲ್ಲ. 'ನಾನು ಹೇಳಿದ್ರೆ ಕೇಂತಿಲ್ಲ ಅಮ್ಮಾ, ನೀವೇ ಹೇಳಿ ಅಂದ ಮಾಣಿ' ಎಂದು ಅಮ್ಮ ಅವನ ಮಾತನ್ನೂ ಕುಂದಾಪುರ ಮಾಡಿಯೇ ಹೇಳಿದರು. 'ನಾ ಅಂದೆ, 'ಬಪ್ಪುದಾದ್ರೆ ಅವಳೇ ಬರ್ಲಿ. ಕರೆದ್ರೆ ನಾಳೆ ನೀವೇ ಕರೆದದ್ದು ಅಂತ್ಲ್'.' ಹಾಗಾಗಿ ಸೂಟ್‌ಕೇಸಿನ ಜೊತೆ ನಾನು ಬಂದ ದಿನ ಅಮ್ಮನಿಗೆ ಕೇಳಲು ಪ್ರಶ್ನೆಯೇ ಉಳಿದಿರಲಿಲ್ಲ. ಅವರಿಗೆ ಗಾಡಿಯ ಹೊತ್ತೂ ಗೊತ್ತಿತ್ತು.

ನನಗೆ ಅಳು ಬರಬೇಕಿತ್ತು. ಬಂದದ್ದು ಸಿಟ್ಟು. ಬಾಲ್ಕನಿಯಲ್ಲಿ ನಿಂತು ಪಿಸುಗುಟ್ಟಿದ್ದನ್ನೆಲ್ಲ ಇವನು ಬಂದು ನನ್ನಮ್ಮನಿಗೇ ವರದಿ ಮಾಡಿದ್ದಾನೆ! ಇದನ್ನು ಯಾರಿಗಾದರೂ ಹೇಳದಿದ್ದರೆ ತಲೆ ಒಡೆದುಹೋಗುತ್ತದೆ ಅನ್ನಿಸಿತು. ಯಾರಿಗೆ ಹೇಳಲಿ? ಇದ್ದವನು ಒಬ್ಬನೇ. ಫೋನ್ ಮಾಡಿದೆ.

'ಗದಗ, ಒಬ್ಬರ ಮೇಲೆ ದೂರು ಹೇಳುವುದಿದೆ.'

ಅವನಿಗೆ ತಿಳಿಯಿತು ಅಂತ ಕಾಣುತ್ತದೆ. ಒಂದು ಕ್ಷಣ ಸುಮ್ಮನಿದ್ದು, 'ಹೂಂ. ಮುಂದ?' ಅಂದ.

ಶುರು ಮಾಡಿದೆ. ನನ್ನ ಗುಟ್ಟನ್ನು ಮಾರಿಕೊಂಡದ್ದು. ಲಿಫ್ಟಿನಲ್ಲಿ ಮಾತು ನಿಲ್ಲಿಸುವುದು. ಕಲ್ಯಾಣದಲ್ಲಿ ಸೀಟು ಬಿಟ್ಟು ಇಳಿದು ಇಷ್ಟು ವರ್ಷ ಬಾಯಿ ಬಿಡದೆ ಇದ್ದದ್ದು. ೨೦೧೬ರಲ್ಲಿ ನನ್ನ ಮದುವೆಯ ಕಾಗದ ಕೈಗೆ ಕೊಟ್ಟಾಗ, ಛಾಪಾ ಚಲೋ ಬಂದೈತಿ ಎಂದದ್ದು. ಸೌತೆಕಾಯಿ ಇಟ್ಟುಕೊಂಡು ಮದುವೆ ಕೇಳಿದ್ದು. ಅವನು ಒಂದಕ್ಕೂ ಸಮಜಾಯಿಷಿ ಕೊಡಲಿಲ್ಲ. ಬೇರೆ ಯಾರದ್ದೋ ಕಥೆ ಕೇಳುವ ಹಾಗೆ, ಹೂಂ, ಮುಂದ, ಹೂಂ. ಮದುವೆ ಕಾಗದದ ಮಾತು ಬಂದಾಗ ಮಾತ್ರ ಮುಂದ ಅನ್ನಲಿಲ್ಲ. ನಲವತ್ತು ನಿಮಿಷವಾಯಿತು. ನನ್ನ ಹತ್ತಿರ ದೂರು ಖಾಲಿಯಾಯಿತು.

ಆಗ ಅಂದ: 'ಖರೇನ ಭಾಳ ತ್ರಾಸ ಕೊಡೋ ಮನಷ್ಯಾ ಬಿಡು. ಡೆಕ್ಕನ್ ಕ್ವೀನ್ ಇನ್ನೂ ಏಳೂಕಾಲಿಗೇ ಐತಿ ನೋಡು.'

ನಾನು ನಕ್ಕ ಸದ್ದಿಗೆ ಅಪ್ಪ ಎದ್ದು ಬಂದರು. ಹಾಗಾಗಿ ಅಪ್ಪನಿಗೂ ಅದೇ ರಾತ್ರಿ ಹೇಳಬೇಕಾಯಿತು. ಅಪ್ಪ ಎರಡು ನಿಮಿಷ ಫ್ಯಾನ್ ನೋಡಿದರು. 'ಗದಗದ ಮಾಣಿಯಾ? ನಾ ಬೇರೆ ಯಾರೋ ಅಂದ್ಕಂಡೆ' ಎಂದು ಹೋಗಿ ಮಲಗಿದರು.

ಮುಲುಂಡ್ ಅಕ್ಕ ಉತ್ತರಿಸಿದ್ದಾರೆ:

ಅಂದರೆ ಹೂಂ ಅಂದಿರೋ ಇಲ್ಲವೋ? ಎಲ್ಲ ಬರೆದು ಅದೊಂದನ್ನೇ ಬಿಟ್ಟಿದ್ದೀರಿ. ಸೌತೆಕಾಯಿ ಏನಾಯಿತು?

ನಾಲ್ಕನೇ ಸೀಟು ಬರೆದಿದ್ದಾರೆ:

ಅಂದೆ ಅಕ್ಕ. ಕಲ್ಯಾಣದಲ್ಲಿ, ಚಹಾದ ಹೊತ್ತಿನಲ್ಲಿ. ಅನೌನ್ಸ್‌ಮೆಂಟ್ ಜೋರಾಗಿತ್ತು, ಎರಡು ಸಲ ಹೇಳಬೇಕಾಯಿತು. ಹೆಸರಿನ ವಿಷಯವನ್ನೂ ಗಟ್ಟಿ ಮಾಡಿಕೊಂಡೆ. ಅವನಮ್ಮನ ಎದುರಿಗೂ ಗದಗನೇ, ಮೀನಾನೇ. ಅವರಿಗೆ ಈ ತನಕ ನನ್ನ ಹೆಸರು ನಿಜವಾಗಿಯೂ ಮೀನಾ ಎಂದೇ ಗೊತ್ತಂತೆ. ಯಾಕೆ ಆ ಹೆಸರು ಬಂತು ಎಂದು ಯಾರು ಹೇಳುವುದು ಎಂಬ ಜಗಳ ನಡೆಯುತ್ತಿದೆ. ಡೊಂಬಿವಲಿಯಲ್ಲಿ ಇರುವುದೋ ಬದಲಾಪುರದಲ್ಲೋ ಎಂಬುದು ಇನ್ನೊಂದು.

ಸೌತೆಕಾಯಿ ಅಷ್ಟೂ ದಿನ ಅಡುಗೆಮನೆಯ ಮೂಲೆಯಲ್ಲಿ ಹಾಗೇ ಇತ್ತು. ಊರಿನಲ್ಲಿ ಅಟ್ಟಕ್ಕೆ ಕಟ್ಟಿ ತಿಂಗಳುಗಟ್ಟಲೆ ಇಡುತ್ತಾರಲ್ಲ, ಅದು ಕೆಡುವ ಜಾತಿಯಲ್ಲ. ನಿನ್ನೆ ಭಾನುವಾರ ಅವನು ಬಂದಿದ್ದ. ಅಮ್ಮ ಪೂರ್ತಿ ಕೊಚ್ಚಿ ಹುಳಿ ಮಾಡಿದರು, ಜಾಸ್ತಿಯಾಯಿತು, ಇವತ್ತು ಬೆಳಿಗ್ಗೆಯೂ ಅದೇ. ಬೀಜ ತೆಗೆದು ಪೇಪರಿನ ಮೇಲೆ ಕಿಟಕಿಯಲ್ಲಿ ಒಣಗಿಸಿದ್ದಾರೆ. ಬದಲಾಪುರದ ಮನೆಯ ಹಿಂದೆ ನಾಲ್ಕು ಮಾರು ಜಾಗ ಇದೆ, ಹಂದರ ಬೇಡ, ನೆಲದ ಮೇಲೇ ಹಬ್ಬುತ್ತದೆ ಎಂದು ಅಮ್ಮ ಅವನಿಗೆ ಹೇಳಿಕೊಡುತ್ತಿದ್ದರು.